ಕರಡಿಗೆ ಕಪ್ಪಾದ ವರ್ಷ

ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಕೊಳೆತದ್ದಿರಲಿ, ಒಳ್ಳೆಯ ಮೊಟ್ಟೆಯನ್ನೂ ನಾನು ಹತ್ತಿರದಿಂದ ನೋಡಿದವಳಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಗೋವಿನಕೋವಿಯಲ್ಲಿ ನಮ್ಮ ಅಂಗಳಕ್ಕೆ ಯಾರದಾದರೂ ಕೋಳಿ ಬಂದರೆ ಅಜ್ಜಿ ಕೋಲು ಹಿಡಿದು ಹೊರಡುತ್ತಿದ್ದಳು. ಹಾಗಾಗಿ ಹೊನ್ನಾಳಿಯ ಕಾಲೇಜಿನ ಲ್ಯಾಬಿನಲ್ಲಿ ಮೊದಲ ಸಲ ಆ ಹೈಡ್ರೋಜನ್ ಸಲ್ಫೈಡ್ ಗ್ಯಾಸು ಮೂಗಿಗೆ ಬಡಿದು, ಕೆಮಿಸ್ಟ್ರಿ ಮೇಷ್ಟ್ರು ನನ್ನ ಕಡೆ ತಿರುಗಿ "ಯಾವ ವಾಸನೆ?" ಎಂದು ಕೇಳಿದಾಗ, ನನಗೆ ಗೊತ್ತಿದ್ದದ್ದನ್ನೇ ಹೇಳಿದೆ.

"ಗಟಾರದ್ದು ಸರ್. ಹಾಸುಗಲ್ಲು ಎತ್ತಿದ್ರೆ ಬರ್ತೈತಲ್ಲ, ಅದು."

ಹುಡುಗರ ಕಡೆಯಿಂದ ನಗು ಎದ್ದಿತು. ಮೇಷ್ಟ್ರು ನಗಲಿಲ್ಲ. ಅವರು ತಾವು ನಗದೆ ಬೇರೆಯವರನ್ನು ನಗಿಸುವವರು. "ಬರ್ಕೊಳ್ರಪ್ಪಾ, ಗಟಾರ," ಎಂದರು. "ಇನ್ನು ಪುಸ್ತಕ ತಿದ್ದಿಸಾಕೆ ಬರೀಬೇಕು. ಸೌಟು ಹಿಡಿಯೋ ಕೈಗೆ ಟೆಸ್ಟ್‌ಟ್ಯೂಬ್ ಕೊಟ್ರೆ ಹಿಂಗೇ ಆಗೋದು."

ನನ್ನ ಪಕ್ಕ ನಿಂತಿದ್ದವಳು ತಲೆ ಬಗ್ಗಿಸಿಕೊಂಡೇ ಪಿಸುಗುಟ್ಟಿದಳು. "ಇದೇ ಕಣೇ ಮೊಟ್ಟೆ. ಕಾವಿಗೆ ಕೂತ ಕೋಳಿ ಕೆಳಗೆ ಒಂದು ಕೆಟ್ಟೋಗಿರ್ತೈತಲ್ಲ, ಅದನ್ನ ಒಡೆದ್ರೆ ಥೇಟ್ ಹಿಂಗೇ."

ಅವಳು ಜಗಳೂರು ಕಡೆಯ ಹುಡುಗಿ. ಊರಲ್ಲಿ ಅವ್ವ, ಅಪ್ಪ, ಒಂದಷ್ಟು ಕುರಿ, ಕೋಳಿ. ಹೊನ್ನಾಳಿಯಲ್ಲಿ ಸರ್ಕಾರಿ ಹಾಸ್ಟೆಲಿನಲ್ಲಿದ್ದಳು. ನಾನು ಅಪ್ಪನ ಅಕ್ಕನ ಮನೆಯಲ್ಲಿದ್ದೆ; ಅವರನ್ನು ಅತ್ತೆ ಎನ್ನುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎರಡನೇ ಪಿಯುಸಿ ಸೈನ್ಸ್‌ನಲ್ಲಿ ನಾವು ಹುಡುಗಿಯರು ನಾಲ್ಕೇ ಜನ. ಇಬ್ಬಿಬ್ಬರಿಗೆ ಒಂದು ಜಾಗ ಎಂದು ಮೇಷ್ಟ್ರು ನಿಲ್ಲಿಸಿದಾಗ ಅವಳು ನನ್ನ ಪಾಲಿಗೆ ಬಂದಳು. ಮಿಕ್ಕ ಇಬ್ಬರು ಅದಕ್ಕೂ ಮೊದಲೇ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು, ಅವಳ ಪಕ್ಕ ನಿಲ್ಲುವುದು ತಪ್ಪಲಿ ಎಂದು. ನನಗೆ ಆ ಬುದ್ಧಿ ತಕ್ಷಣ ಹೊಳೆಯಲಿಲ್ಲ, ಅಷ್ಟೇ. ನಾನೇನೂ ಅವರಿಗಿಂತ ಒಳ್ಳೆಯವಳಾಗಿರಲಿಲ್ಲ.

ನನ್ನನ್ನು ಓದಿಸುವುದಕ್ಕೆ ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಪ್ರಾಕ್ಟಿಕಲ್ಲೂ ಸೇರಿ ಎಲ್ಲದರಲ್ಲೂ ಒಂದೇ ಸಲಕ್ಕೆ ಪಾಸಾದರೆ ಮುಂದೆ ದಾವಣಗೆರೆಯಲ್ಲಿ ಡಿಗ್ರಿ. ಒಂದರಲ್ಲಿ ಬಿದ್ದರೂ ವಾಪಸ್ ಬಂದು ಅಕ್ಕಂದಿರ ಹಾಗೆ ಹಸೆ ಏರುವುದು. ಅತ್ತೆಯ ಷರತ್ತು ಬೇರೆ: ದಿನಾ ಬೆಳಗ್ಗೆ ಅವರ ಎದುರಿಗೇ ಕೂತು ಲಿಂಗಪೂಜೆ ಮಾಡಬೇಕು, ಕಾಲೇಜಿನಿಂದ ನೇರ ಮನೆಗೆ ಬರಬೇಕು. ಪೂಜೆ ನನಗೆ ಭಾರವಾಗಿರಲಿಲ್ಲ. ಅಜ್ಜಿ ಕಟ್ಟಿಸಿದ ಲಿಂಗ, ಅದನ್ನಿಡಲು ಬೆಳ್ಳಿಯ ಕರಡಿಗೆ, ಕೊರಳಿಂದ ಎದೆಯ ಮೇಲೆ ಇಳಿಬಿಡುವ ಶಿವದಾರ. ಮಲಗುವಾಗಲೂ ತೆಗೆಯುವಂತಿಲ್ಲ. ಅದು ನೆಲಕ್ಕೆ ಬಿದ್ದರೆ ಪ್ರಾಣ ಇಟ್ಟುಕೊಳ್ಳಬಾರದು ಎಂದು ಅಜ್ಜಿ ನನ್ನ ಏಳನೇ ವಯಸ್ಸಿಗೇ ಹೇಳಿದ್ದಳು.

ಲ್ಯಾಬ್ ಎಂದರೆ ಹಂಚಿನ ಮಾಡಿನ ಒಂದು ಉದ್ದ ಕೋಣೆ. ಹಿಂದಿನ ಬಾಗಿಲು ತೆರೆದರೆ ಜಗಲಿ. ಆ ಜಗಲಿಯಲ್ಲಿ ಮೂರು ಗಾಜಿನ ಬುರುಡೆಗಳನ್ನು ಒಂದರ ಮೇಲೊಂದು ಕೂರಿಸಿದ ಒಂದು ಪಾತ್ರೆ ಇರುತ್ತಿತ್ತು, ಕಿಪ್ಸ್ ಎನ್ನುತ್ತಿದ್ದರು. ಅಟೆಂಡರು ಅದರೊಳಗೆ ಕರಿ ಕಲ್ಲಿನ ಚೂರು, ಆ್ಯಸಿಡ್ ತುಂಬಿಟ್ಟರೆ ಆಯಿತು. ನಲ್ಲಿ ತಿರುಗಿಸಿದಾಗ ಗ್ಯಾಸು. ತಿರುಗಿಸದಿದ್ದರೂ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತಿತ್ತು. ಹುಡುಗಿಯರ ಮೇಜು ಹಿಂದಿನ ಬಾಗಿಲಿಗೇ ಹತ್ತಿಕೊಂಡಿತ್ತು. ಒಳ್ಳೆಯ ಗಾಳಿ, ಬೆಳಕು ಇದ್ದ ಮುಂದಿನ ಮೇಜುಗಳು ಹುಡುಗರಿಗೆ.

ಆದರೂ ಹೇಳುತ್ತೇನೆ, ಆ ಕೋಣೆಯಷ್ಟು ನನಗೆ ಇಷ್ಟವಾದ ಜಾಗ ಆಮೇಲೆ ಸಿಗಲಿಲ್ಲ. ಬ್ಯುರೆಟ್‌ನಿಂದ ತೊಟ್ಟು ತೊಟ್ಟಾಗಿ ಬಿಡುತ್ತಾ ಹೋಗಬೇಕು. ತಿಳಿ, ತಿಳಿ, ತಿಳಿ; ಒಂದು ತೊಟ್ಟಿಗೆ ಇಡೀ ಫ್ಲಾಸ್ಕು ಗುಲಾಬಿ. ಎಳೆ ಪಾಕ ಯಾವ ಗಳಿಗೆಗೆ ಬಂತೆಂದು ಬೆರಳಿಗೆ ತಿಳಿಯುತ್ತದಲ್ಲ, ಹಾಗೆ ನನ್ನ ಕೈಗೆ ಆ ತೊಟ್ಟು ತಿಳಿಯುತ್ತಿತ್ತು. ವಾರಕ್ಕೊಂದು ಸಾಲ್ಟ್ ಕೊಡುತ್ತಿದ್ದರು, ಹೆಸರಿಲ್ಲದ ಬಿಳಿ ಪುಡಿ. ಸುಟ್ಟು, ಕರಗಿಸಿ, ಆ್ಯಸಿಡ್ ಹಾಕಿ, ಮೂಸಿ ನೋಡಿ ಅದು ಯಾವುದೆಂದು ಕಂಡುಹಿಡಿಯಬೇಕು. ಸಮೀಕರಣ ಬರೆಯುವುದು ನನಗೆ ಸಲೀಸು, ಮೂಗು ಮಾತ್ರ ಮಂದ. ಅವಳಿಗೆ ಸಮೀಕರಣ ತಲೆಗೆ ಹತ್ತುತ್ತಿರಲಿಲ್ಲ. ಮೂಗು ಮಾತ್ರ ಬೆಕ್ಕಿನದು. ನಾನು ಅವಳಿಗೆ ಲೆಕ್ಕ ಹೇಳಿಕೊಟ್ಟೆ, ಅವಳು ನನಗೆ ವಾಸನೆ ಕಲಿಸಿದಳು. ಅಮೋನಿಯಾ ಎಂದರೆ ಕೊಟ್ಟಿಗೆಯ ಗಂಜಲ. ಗಂಧಕದ್ದು ಸುಟ್ಟ ಪಟಾಕಿ. ಅಸಿಟೇಟು ಎಂದರೆ ಹುಳಿ ಮೀರಿದ ಅಂಬಲಿ. ನಾನು ಇದನ್ನೆಲ್ಲ ರೆಕಾರ್ಡ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೇಷ್ಟ್ರು ಒಂದು ದಿನ ಅದನ್ನು ಎಲ್ಲರೆದುರು ಓದಿ, "ಇದು ರೆಕಾರ್ಡೋ ಕೊಟ್ಟಿಗೆಯೋ?" ಎಂದು ಆ ಪುಟ ಹರಿದರು. ಪುಟ ಹೋದರೂ ಕಲಿತದ್ದು ಉಳಿಯಿತು. ಅದೂ ಶಿವನ ದಯೆಯೇ.

ಪ್ರಾಕ್ಟಿಕಲ್ ನಡೆಯುವಾಗ ಮಾತಾಡಿದರೆ ಹೊರಗೆ ಕಳಿಸುತ್ತಿದ್ದರು. ಅದಕ್ಕೆ ನಾವು ಸನ್ನೆ ಮಾಡಿಕೊಂಡಿದ್ದೆವು. ಬಳೆ ಮುಟ್ಟಿದರೆ ಗಂಜಲ. ಮೂಗುಬೊಟ್ಟು ಮುಟ್ಟಿದರೆ ಮೊಟ್ಟೆ. ಹಣೆ ಮುಟ್ಟಿದರೆ ಏನೂ ಇಲ್ಲ, ನೀನು ಅಂದುಕೊಂಡದ್ದಲ್ಲ, ಇನ್ನೊಮ್ಮೆ ನೋಡು ಎಂದು. ಇದನ್ನು ನೆನಪಿಟ್ಟುಕೊಳ್ಳಿ. ಹಣೆ ಮುಟ್ಟುವ ಸನ್ನೆ ನಾನು ಹುಡುಕಿದ್ದು. ವಿಭೂತಿ ಸರಿಮಾಡಿಕೊಳ್ಳುತ್ತಾಳೆ ಎಂದುಕೊಳ್ಳುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ ಎಂದು ನಾನೇ ಹೇಳಿದ್ದೆ.

ದಸರಾ ರಜೆ ಮುಗಿದ ಮೇಲೆ ಒಂದು ದಿನ ನಾನು ಸಿಂಕಿನ ಮೇಲೆ ಬಗ್ಗಿ ಟ್ಯೂಬು ತೊಳೆಯುತ್ತಿದ್ದೆ. ಹಿಂದಿನ ವಾರ ಯಾವಾಗಲೋ ಶಿವದಾರಕ್ಕೆ ಆ್ಯಸಿಡ್ ಹನಿ ಸಿಡಿದಿರಬೇಕು, ನೂಲು ಒಳಗೇ ಕರಗಿ ಹೋಗಿತ್ತು. ಬಗ್ಗಿದ ಭಾರಕ್ಕೆ ಪಟ್ಟೆಂದು ಹರಿದು ಕರಡಿಗೆ ಸೆರಗಿನಿಂದ ಜಾರಿತು. ನನ್ನ ಕೈಯೇ ಓಡಲಿಲ್ಲ. ಅವಳು ಹಿಡಿದುಕೊಂಡಿದ್ದ ಟ್ಯೂಬನ್ನು ಅಲ್ಲೇ ಬಿಟ್ಟು, ಎರಡೂ ಕೈ ಬೊಗಸೆ ಮಾಡಿ ಸಿಂಕಿನ ಬಾಯಲ್ಲೇ ಹಿಡಿದಳು.

ಟ್ಯೂಬು ನೆಲಕ್ಕೆ ಬಿದ್ದು ಪುಡಿಯಾಯಿತು. ಮೇಷ್ಟ್ರು ಅಲ್ಲಿಂದಲೇ ಕೂಗಿದರು. "ಯಾರದು? ಓ, ಹಾಸ್ಟೆಲ್ ರಾಣೀರಾ? ಸರ್ಕಾರದ ಅನ್ನ, ಸರ್ಕಾರದ ಗಾಜು. ಒಡೀರಿ, ಒಡೀರಿ."

ಯಾಕೆ ಬಿಟ್ಟೆ ಎಂದು ಅವಳು ಹೇಳಲಿಲ್ಲ. ಕರಡಿಗೆಯನ್ನು ನನ್ನ ಸೆರಗಿನೊಳಗೆ ಹಾಕಿ, ಕೈ ಹಿಂದಕ್ಕೆಳೆದುಕೊಂಡು, "ಮುಟ್ಟಿಬಿಟ್ಟೆನಲ್ಲೇ. ಏನಾದ್ರೂ ಆಗ್ತೈತಾ?" ಎಂದಳು.

"ಏನೂ ಆಗಲ್ಲ. ಯಾರಿಗೂ ಹೇಳ್ಬೇಡ," ಎಂದೆ. ಅವಳು ಯಾರಿಗೂ ಹೇಳಲಿಲ್ಲ.

ಚಳಿಗಾಲ ಬರುವ ಹೊತ್ತಿಗೆ ನನ್ನ ಕರಡಿಗೆ ಕಪ್ಪಾಗತೊಡಗಿತು. ಮೊದಲು ಅಂಚಿನಲ್ಲಿ ಹಳದಿ, ಆಮೇಲೆ ಕಂದು, ಆಮೇಲೆ ಹಂಚಿನ ತಳದ ಹಾಗೆ. ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದರೆ ಬೆಳ್ಳಗಾಗುತ್ತಿತ್ತು. ಎರಡು ಪ್ರಾಕ್ಟಿಕಲ್ ಕಳೆದರೆ ಮತ್ತೆ ಅದೇ. ಕಾರಣ ನನಗೆ ಹೊಳೆದಿತ್ತು. ಲೆಡ್ ಅಸಿಟೇಟ್ ಎಂಬ ನೀರಲ್ಲಿ ಅದ್ದಿದ ಬಿಳಿ ಕಾಗದದ ಚೂರನ್ನು ಆ ಗ್ಯಾಸಿಗೆ ಹಿಡಿದರೆ ಕಪ್ಪಾಗುತ್ತದೆ. ಗ್ಯಾಸು ಅದೇ ಹೌದೋ ಅಲ್ಲವೋ ನೋಡುವುದೇ ಹಾಗೆ. ಕಾಗದಕ್ಕೆ ಆಗುವುದೇ ಬೆಳ್ಳಿಗೂ ಆಗುತ್ತಿದೆ ಎಂದು ಲೆಕ್ಕ ಹಾಕಲು ದೊಡ್ಡ ಬುದ್ಧಿ ಬೇಕಿರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ತಿಕ್ಕುವುದು ಮರೆತು ಪೂಜೆಗೆ ಕೂತೆ. ಅತ್ತೆ ತಮ್ಮ ಅಂಗೈಯ ಲಿಂಗ ಬಿಟ್ಟು ನನ್ನ ಮಡಿಲ ಕಡೆ ನೋಡಿದರು.

"ಏನೇ ಅದು?"

"ಸ್ವಲ್ಪ ಕಪ್ಪಾಗೈತೆ ಅತ್ತೆ. ತಿಕ್ತೀನಿ."

"ತಿಕ್ಕೋದು ಆಮ್ಯಾಲೆ. ನಾನು ಹುಟ್ಟಿದಾಗಿಂದ ಕಟ್ಕೊಂಡೀನಿ, ನಂದು ನೋಡು." ಅವರದು ಮಲ್ಲಿಗೆ ಮೊಗ್ಗಿನ ಹಾಗಿತ್ತು. "ಮೈಯಾಗಿನ ಪಾಪ ಬೆಳ್ಳಿ ಕುಡೀತೈತೆ ಅಂತ ನಮ್ಮವ್ವ ಹೇಳೋಳು. ಏನು ಮಾಡ್ಕೊಂಡು ಬಂದೀ?"

"ಏನೂ ಇಲ್ಲ ಅತ್ತೆ. ಲ್ಯಾಬಾಗೆ ಒಂದು ಗ್ಯಾಸ್ ಐತೆ, ಅದು ತಾಗಿ ಹಿಂಗಾಗೈತೆ."

"ಗ್ಯಾಸು ನಿಮ್ಮ ಮಾವಂಗೂ ಐತೆ. ಅವರ ಕರಡಿಗೆ ಏನೂ ಕಪ್ಪಾಗಿಲ್ಲ."

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮಾವ ಕೆಮ್ಮಿದರು. ಆ ಮನೆಯಲ್ಲಿ ಅವರ ಅಭಿಪ್ರಾಯವೆಲ್ಲ ಕೆಮ್ಮಿನಲ್ಲೇ ಬರುತ್ತಿತ್ತು.

"ಆ ಗ್ಯಾಸಲ್ಲ ಅತ್ತೆ. ಕೊಳೆತ ಮೊಟ್ಟೆ ವಾಸನೆ ಬರ್ತೈತೆ, ಅದು."

ಪೂಜೆಯ ಕೋಣೆಯಲ್ಲಿ ಆ ಮಾತು ಆಡಬಾರದಿತ್ತು. ಅತ್ತೆ ಮೆಲ್ಲಗೆ ಲಿಂಗವನ್ನು ಕರಡಿಗೆಗೆ ಇಳಿಸಿ ಮುಚ್ಚಿದರು. ಆಮೇಲೆ ಕೇಳಿದರು, "ಅದು ಮೊಟ್ಟೆ ವಾಸನೆ ಅಂತ ನಿಂಗೆ ಹೆಂಗೆ ಗೊತ್ತಾತು?"

"ಪುಸ್ತಕದಾಗೆ ಐತೆ."

"ಪುಸ್ತಕಕ್ಕೆ ವಾಸನೆ ಇರ್ತೈತೇನೇ?"

"ನನ್ನ ಪಕ್ಕದಾಗೆ ನಿಲ್ಲೋಳು ಹೇಳಿದ್ಲು."

"ಯಾರವಳು? ಯಾವ ಜನ?"

ಹೇಳಿದೆ. ಅತ್ತೆಯ ಮುಖದಲ್ಲಿ ಸಿಟ್ಟು ಬರಲಿಲ್ಲ. ಕಳೆದ ವಸ್ತು ಸಿಕ್ಕಿದವರ ಹಾಗೆ ನೆಮ್ಮದಿ ಬಂತು. ಅದನ್ನು ನೋಡಿ ನನಗೂ, ಶಿವನಾಣೆ, ಸ್ವಲ್ಪ ಹಗುರವಾಯಿತು.

"ಕರಡಿಗೆ ಮುಟ್ಟಿದ್ಲಾ?"

ನಾನು ಸೆರಗಿನ ಅಂಚಿನಿಂದ ಕರಡಿಗೆ ಒರೆಸತೊಡಗಿದೆ.

"ಬಾಯಾಗೆ ಏನಿಟ್ಕೊಂಡೀ? ಮುಟ್ಟಿದ್ರೆ ಮುಟ್ಟಿದ್ಲು ಅನ್ನು. ಮುಟ್ಟಿಲ್ಲ ಅಂದ್ರೆ ಪಾಪ ನಿಂದೇ ಅಂತಾತು. ಇವತ್ತೇ ನಿಮ್ಮಪ್ಪಂಗೆ ಹೇಳಿ ಕಳಿಸ್ತೀನಿ, ಬಂದು ಕರ್ಕೊಂಡು ಹೋಗಲಿ. ಪರೀಕ್ಷೆನೂ ಬ್ಯಾಡ, ಎಂಥದೂ ಬ್ಯಾಡ."

"ಮುಟ್ಟಿದ್ಲು," ಎಂದೆ.

ನಾನು ಸುಳ್ಳು ಹೇಳಲಿಲ್ಲ. ಅವಳು ಮುಟ್ಟಿದ್ದು ನಿಜ. ಯಾಕೆ ಮುಟ್ಟಿದಳೆಂದು ಹೇಳಲಿಲ್ಲ, ಅಷ್ಟೇ. ಹೇಳಿದ್ದರೆ ಲಿಂಗ ಬೀಳುವ ಹಾಗೆ ದಾರ ಹರಿದದ್ದೂ ಹೊರಬರುತ್ತಿತ್ತು. ಅದು ಪೂರ್ತಿ ನನ್ನ ತಲೆಗೇ ಬರುತ್ತಿತ್ತು.

ಮಾರನೆಯ ದಿನ ಅತ್ತೆ ಜರತಾರಿ ಸೀರೆ ಉಟ್ಟು, ಮಾವನನ್ನು ಹಿಂದೆ ಹಾಕಿಕೊಂಡು ಕಾಲೇಜಿಗೆ ಬಂದರು. ಕರಡಿಗೆಯನ್ನು ಮೇಷ್ಟ್ರ ಮೇಜಿನ ಮೇಲೆ ಬಿಳಿ ವಸ್ತ್ರ ಹಾಸಿ ಇಟ್ಟರು. ಮೇಷ್ಟ್ರೂ ಲಿಂಗ ಕಟ್ಟಿದವರೇ. ಅದನ್ನು ನೋಡಿದ ಕೂಡಲೇ ಅವರಿಗೆ ತಿಳಿಯಿತು. ಅವರ ಹುಬ್ಬು ಒಮ್ಮೆ ಕಿಪ್ಸ್ ಇದ್ದ ಜಗಲಿಯ ಕಡೆ ಹೋಗಿ ಬಂದದ್ದನ್ನು ನಾನು ಕಂಡೆ. ಒಂದು ಮಾತು. "ಅವ್ವಾ, ಇದು ಗ್ಯಾಸಿಂದ ಆಗಿದ್ದು" ಎಂದಿದ್ದರೆ ಮುಗಿಯುತ್ತಿತ್ತು. ಅವರು ಹೇಳಿಯಾರು ಎಂದು ನಾನು ಕಾದೆ, ನಾನು ಹೇಳಲಿ ಎಂದು ಅವರು ಕಾದಿರಬಹುದು.

"ಎಲ್ಲಾರ್ನೂ ಒಟ್ಟಿಗೆ ನಿಲ್ಲಿಸ್ತೀರಿ, ಅದಕ್ಕೇ ಹಿಂಗಾಗೈತೆ," ಎಂದು ಅತ್ತೆ ಜೋರಾಗಿಯೇ ಹೇಳಿದರು. ಹೊರಗೆ ವೆರಾಂಡದಲ್ಲಿ ಹುಡುಗರು ನಿಂತು ಕೇಳುತ್ತಿದ್ದರು. "ನೀವೂ ನಮ್ಮೋರೇ ಆಗಿ ಹಿಂಗೆ ಮಾಡಿದ್ರೆ ಹೆಂಗ್ರೀ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಜಾಗ ಬದಲಾಯಿಸ್ತೀನಿ ಬಿಡ್ರಿ. ಅದೇನು ದೊಡ್ಡದು," ಎಂದರು.

ಆ ವಾರ ಅವಳ ಟ್ಯೂಬುಗಳು, ಸ್ಪಿರಿಟ್ ದೀಪ, ಬಾಟಲಿಗಳು ಜಗಲಿಗೆ ಹೋದವು. ಅಟೆಂಡರು ಒಂದು ಮುರುಕು ಡೆಸ್ಕನ್ನು ಕಿಪ್ಸ್‌ನ ಪಕ್ಕಕ್ಕೇ ಎಳೆದು ಹಾಕಿದರು. ಅವರಿಗೂ ಮನಸ್ಸಿರಲಿಲ್ಲ ಎಂದು ಕಾಣುತ್ತದೆ. "ನಾನೇನು ಮಾಡ್ಲವ್ವಾ, ಹೇಳಿದಂಗೆ ಮಾಡೋನು," ಎಂದು ಅವಳಿಗೆ ಹೇಳಿದ್ದು ಕೇಳಿಸಿತು. ನನಗೆ ಇಡೀ ಮೇಜು ಸಿಕ್ಕಿತು. ವಿಶಾಲವಾಗಿ ಪುಸ್ತಕ ಹರಡಿಕೊಂಡೆ.

ಅವಳು ಏನೂ ಕೇಳಲಿಲ್ಲ. ಕಾಲೇಜಿಗೆಲ್ಲ ಗೊತ್ತಾಗಿತ್ತು, ಕೇಳುವುದೇನು? ಕೆಲವು ಹುಡುಗರು ಅವಳು ದಾಟಿ ಹೋಗುವಾಗ ವಾಚು, ಉಂಗುರ ಮುಚ್ಚಿಕೊಂಡು "ಕಪ್ಪಾದಾತು ಕಣ್ರೋ" ಎನ್ನುತ್ತಿದ್ದರು. ನಾನು ನಗಲಿಲ್ಲ. ನಗದೇ ಇದ್ದದ್ದನ್ನು ಆಗ ಒಂದು ಪುಣ್ಯದ ಕೆಲಸ ಎಂದುಕೊಂಡಿದ್ದೆ.

ಎರಡು ವಾರ ಕಳೆದು ಮೇಷ್ಟ್ರು ಕ್ಲಾಸಿನಲ್ಲಿ ಬೆಳ್ಳಿಯ ಪಾಠ ಮಾಡಿದರು. ಬೋರ್ಡಿನ ಮೇಲೆ ಸಮೀಕರಣ ಬರೆದು, ನಮ್ಮ ಕಡೆ ತಿರುಗದೆ ಹೇಳಿದರು. "ಲ್ಯಾಬಿನ ಗ್ಯಾಸ್ ಬೆಳ್ಳಿಗೆ ತಾಗಿದ್ರೆ ಸಿಲ್ವರ್ ಸಲ್ಫೈಡ್, ಬಣ್ಣ ಕಪ್ಪು. ಪರೀಕ್ಷೆಗೆ ಬರ್ತೈತೆ, ಬರ್ಕೊಳ್ಳಿ." ಎಲ್ಲರೂ ಬರೆದುಕೊಂಡರು. ವಾಚು ಮುಚ್ಚಿಕೊಳ್ಳುತ್ತಿದ್ದ ಹುಡುಗರೂ ಬರೆದುಕೊಂಡರು. ಯಾರ ತಲೆಯಲ್ಲೂ ಎರಡು ಮತ್ತು ಎರಡು ಕೂಡಲಿಲ್ಲ, ಇಲ್ಲವೇ ಕೂಡಿಸುವುದು ಬೇಕಿರಲಿಲ್ಲ. ಅವಳೊಬ್ಬಳು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಮೀಕರಣ ಅರ್ಥವಾಗದಾಗ ನನ್ನ ಕಡೆ ನೋಡುತ್ತಿದ್ದಳಲ್ಲ, ಅದೇ ನೋಟ. ನಿಂಗೆ ಇದು ಮೊದಲೇ ಗೊತ್ತಿತ್ತಾ ಎನ್ನುವ ಹಾಗೆ.

ಅವತ್ತಿನಿಂದ ನನಗೆ ಅವಳನ್ನು ಕಂಡರೆ ಆಗದಾಯಿತು. ತಪ್ಪು ಮಾಡಿದವರ ಮೇಲೆ ಸಿಟ್ಟು ಬರುತ್ತದೆ ಎಂದು ನೀವು ತಿಳಿದಿದ್ದೀರಿ. ತಪ್ಪು ಯಾರಿಗೆ ಮಾಡಿದ್ದೇವೋ ಅವರ ಮೇಲೆ ಬರುವ ಸಿಟ್ಟು ಅದಕ್ಕಿಂತ ಕೆಟ್ಟದ್ದು. ಅವಳ ಕೆಂಪು ಕಣ್ಣು, ತಲೆನೋವೆಂದು ಹಣೆಗೆ ಬಿಗಿದುಕೊಂಡ ಬಟ್ಟೆ ಕಂಡರೆ ನನಗೆ, ಬೇಕಂತಲೇ ನನಗೆ ತೋರಿಸುತ್ತಿದ್ದಾಳೆ ಅನ್ನಿಸುತ್ತಿತ್ತು. ಊರಿಗೆ ಹೋಗಬಾರದೇ ಎಂದುಕೊಳ್ಳುತ್ತಿದ್ದೆ. ಪೂಜೆಗೆ ಕೂತಾಗಲೂ ಅಂದುಕೊಂಡಿದ್ದೇನೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮಾವ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದರು. ಅತ್ತೆಯ ಅಪ್ಪಣೆ. ಲ್ಯಾಬಿನ ಮುಂದಿನ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು. ನಾನು ಯಾರ ಹತ್ತಿರವೂ ಹೋಗಬಾರದು, ಯಾರನ್ನೂ ಮಾತಾಡಿಸಬಾರದು. ಪರೀಕ್ಷೆಗೆ ಬೇರೆ ಊರಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಅವರವರ ಜಾಗ ಅವರವರಿಗೇ ಎಂದು ಮೊದಲೇ ಹೇಳಿದ್ದರಿಂದ ಅವಳು ಜಗಲಿಗೆ ಹೋದಳು. ಹಿಂದಿನ ಬಾಗಿಲು ತೆರೆದಿತ್ತು. ನನ್ನ ಮೇಜಿನಿಂದ ಅವಳ ಡೆಸ್ಕಿಗೆ ಐದಾರು ಹೆಜ್ಜೆ.

ನನ್ನ ಸಾಲ್ಟ್ ಅಮೋನಿಯಾದ್ದು. ಬಿಸಿ ಮಾಡುತ್ತಲೇ ಗಂಜಲ. ಅವಳೇ ಕಲಿಸಿದ ವಾಸನೆ. ಒಂದು ಗಂಟೆಯೊಳಗೆ ಮುಗಿಸಿ ಉತ್ತರ ಬರೆಯುತ್ತಾ ಕೂತೆ.

ಹುಡುಗರು ಒಬ್ಬೊಬ್ಬರಾಗಿ ಕಿಪ್ಸ್‌ನ ಹತ್ತಿರ ಬಂದು ಗ್ಯಾಸು ಹಾಯಿಸಿಕೊಂಡು ಹೋಗುತ್ತಿದ್ದರು. ನಲ್ಲಿ ಸರಿಯಾಗಿ ಮುಚ್ಚುವವರು ಯಾರು? ಜಗಲಿಯೆಲ್ಲ ಅದೇ ಗಾಳಿ. ಆ ಗ್ಯಾಸಿಗೆ ಇನ್ನೊಂದು ಗುಣ ಇದೆ, ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಬಹಳ ಹೊತ್ತು ಕುಡಿದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಅವಳು ಟ್ಯೂಬಿಗೆ ಆ್ಯಸಿಡ್ ಹಾಕಿದಳು. ಬುಸುಬುಸು ನೊರೆ ಬಂತು. ಮೂಸಿದಳು. ಇನ್ನೊಮ್ಮೆ ಮೂಸಿದಳು. ಬೆಕ್ಕಿನ ಮೂಗಿನ ಹುಡುಗಿ ಟ್ಯೂಬನ್ನು ಮೂಗಿಗೆ ಒತ್ತಿ ಹಿಡಿದು ನಿಂತಿದ್ದಳು, ಏನೂ ತಿಳಿಯದೆ.

ವಾಸನೆಯಿಲ್ಲದೆ ನೊರೆ ಬಂದರೆ ಅದು ಕಾರ್ಬೊನೇಟು, ಸುಣ್ಣದ ಜಾತಿ. ಮೊಟ್ಟೆ ವಾಸನೆಯ ಜೊತೆ ನೊರೆ ಬಂದರೆ ಸಲ್ಫೈಡು. ಮೂಗು ನಂಬಲಾಗದೆ ಅವಳು ಲೆಡ್ ಅಸಿಟೇಟ್ ಕಾಗದ ತೆಗೆದಳು. ಒಂದು ಚೂರನ್ನು ಅದ್ದಿ ಬಿಳಿ ಹೆಂಚಿನ ಮೇಲಿಟ್ಟು, ಟ್ಯೂಬಿಗೆ ಇನ್ನಷ್ಟು ಆ್ಯಸಿಡ್ ಹಾಕಲು ಬಾಟಲಿಯ ಕಡೆ ತಿರುಗಿದಳು. ಅಷ್ಟರಲ್ಲಿ ಹೆಂಚಿನ ಮೇಲಿದ್ದ ಕಾಗದ ತನ್ನಷ್ಟಕ್ಕೆ ಕಪ್ಪಾಯಿತು. ಟ್ಯೂಬಿನ ಹತ್ತಿರವೂ ಹೋಗಿರಲಿಲ್ಲ. ನನ್ನ ಕರಡಿಗೆ ಯಾವ ಗಾಳಿಗೆ ಕಪ್ಪಾಗಿತ್ತೋ ಅದೇ ಗಾಳಿಗೆ ಕಪ್ಪಾಯಿತು. ನಾನು ಕಣ್ಣಾರೆ ಕಂಡೆ. ಅವಳು ಕಾಣಲಿಲ್ಲ, ತಿರುಗಿ ಬಂದು ಕಾಗದ ಎತ್ತಿ ಟ್ಯೂಬಿನ ಬಾಯಿಗೆ ಹಿಡಿದಾಗ ಅವಳಿಗೆ ಕಂಡದ್ದು ಕಪ್ಪು ಮಾತ್ರ.

ಆಗ ಅವಳು ನನ್ನ ಕಡೆ ನೋಡಿದಳು. ಮೂರು ತಿಂಗಳಾದ ಮೇಲೆ, ಆ ಜಗಲಿಯಿಂದ. ಮೆಲ್ಲಗೆ ಮೂಗುಬೊಟ್ಟು ಮುಟ್ಟಿಕೊಂಡಳು. ಮೊಟ್ಟೆಯೇ ಅಲ್ವಾ?

ನಾನು ಹಣೆ ಮುಟ್ಟಿಕೊಂಡರೆ ಸಾಕಿತ್ತು.

ಮಾವನಿಗೆ ಹೆದರಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಾವ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದರು. ಎಚ್ಚರವಿದ್ದರೂ, ಪರೀಕ್ಷೆಯಲ್ಲಿ ವಿಭೂತಿ ಮುಟ್ಟಿಕೊಳ್ಳುವ ಹುಡುಗಿಯನ್ನು ನೋಡಿ ಅವರು ಸಂತೋಷವೇ ಪಡುತ್ತಿದ್ದರು. ಹೆದರಿಕೆ ಅಲ್ಲ. ಇವಳು ಇಲ್ಲಿಗೇ ನಿಂತರೆ, ಮುಂದೆ ದಾವಣಗೆರೆಯ ಯಾವ ಕ್ಲಾಸಿನಲ್ಲೂ ತಿರುಗಿ ನನ್ನನ್ನು ನೋಡಲು ಇರುವುದಿಲ್ಲ ಎಂದು ಅನ್ನಿಸಿತು. ಬೇರೆ ಏನೂ ಅಲ್ಲ. ತಲೆ ಬಗ್ಗಿಸಿ ನನ್ನ ಉತ್ತರದ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದೆ. ಗೆರೆ ನೇರವಾಗಿಯೇ ಬಂತು.

ಬಾಯಿಪರೀಕ್ಷೆಗೆ ಅವಳನ್ನು ಒಳಗೆ ಕರೆದರು. ಹೊರಗಿನ ಮೇಷ್ಟ್ರು ಕಾಗದ ನೋಡಿ, "ಸಲ್ಫೈಡಾ? ವಾಸನೆ ಹೆಂಗಿತ್ತು?" ಎಂದರು.

ಅವಳು "ಮೊಟ್ಟೆ ಸರ್," ಎಂದಳು.

"ಭೇಷ್. ನಾವು ನಿನಗೆ ಕೊಟ್ಟದ್ದು ಕಾರ್ಬೊನೇಟು. ಸುಣ್ಣದಲ್ಲಿ ಮೊಟ್ಟೆ ಕಂಡವರನ್ನ ಇವತ್ತೇ ನೋಡಿದ್ದು."

ನಮ್ಮ ಮೇಷ್ಟ್ರು ಪಕ್ಕದಿಂದ ಸೇರಿಸಿದರು. "ಅವರಿಗೆ ಎಲ್ಲಾದ್ರಾಗೂ ಅದೇ ಕಾಣೋದು ಬಿಡ್ರಿ ಸರ್."

ಇಬ್ಬರೂ ನಕ್ಕರು. ನಮ್ಮ ಮೇಷ್ಟ್ರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಲ್ಟಿನ ಆ್ಯಸಿಡ್ ಭಾಗವೇ ತಪ್ಪಾಗಿದ್ದರಿಂದ ಅವಳು ಅದರ ಮೇಲೆ ಕಟ್ಟಿದ ಮಿಕ್ಕ ಉತ್ತರವೂ ಉರುಳಿತು. ಅಟೆಂಡರು ಆಮೇಲೆ ಕಿಪ್ಸ್ ತೊಳೆಯುತ್ತಾ ನನಗೆ ಕೇಳುವ ಹಾಗೆ, "ಇದರ ಪಕ್ಕ ಕುಂದ್ರಿಸಿದ್ರೆ ಮುನ್ಸಿಪಾಲ್ಟಿ ಕಂಬನೂ ಮೊಟ್ಟೆ ಅಂತೈತೆ," ಎಂದರು. ನಾನು ಕೇಳಿಸಲಿಲ್ಲ ಎಂಬಂತೆ ಮಾವನ ಹಿಂದೆ ನಡೆದೆ.

ರಿಸಲ್ಟ್ ಬಂದಾಗ ನಾನು ಎಲ್ಲದರಲ್ಲೂ ಪಾಸು. ಅವಳು ಪ್ರಾಕ್ಟಿಕಲ್‌ನಲ್ಲಿ ಫೇಲು. ಮಾರ್ಕ್ಸ್ ಕಾರ್ಡ್ ತಂದುಕೊಳ್ಳಲು ಹೋದ ದಿನ ಅವಳೂ ಜಗಳೂರಿಂದ ಬಸ್ಸು ಹಿಡಿದು ಬಂದಿದ್ದಳು. ಆಫೀಸಿನ ಕಟ್ಟೆಯ ಮೇಲೆ ಇಬ್ಬರೇ ಸಿಕ್ಕೆವು. ಇನ್ನೊಮ್ಮೆ ಕಟ್ಟುವುದಿಲ್ಲವಾ ಎಂದು ಕೇಳಿದೆ. ಅಪ್ಪ ಬೇಡ ಅಂದ ಎಂದಳು. ಹಾಸ್ಟೆಲಿನ ಟ್ರಂಕು ಪಕ್ಕದಲ್ಲಿತ್ತು.

ಆಮೇಲೆ ಅವಳೇ ಕೇಳಿದಳು. "ಊರಾಗೆ ಕುಂತು ಯೋಚ್ನೆ ಮಾಡಿದೆ ಕಣೇ. ಆ ಕಾಗದ ಮೊದ್ಲೇ ಕಪ್ಪಾಗಿತ್ತೇನೋ, ಗಾಳಿಗೆ. ನಿಂಗೇನಾದ್ರೂ ಕಾಣಿಸ್ತಾ?"

"ಇಲ್ಲ," ಎಂದೆ.

"ಹೌದೇಳು. ಕಂಡಿದ್ರೆ ನೀನು ಹೇಳ್ತಿದ್ದೆ," ಎಂದಳು. ನಂಬಿ ಹೇಳಿದಳೋ, ನನ್ನನ್ನು ಪಾರುಮಾಡಲೆಂದು ಹೇಳಿದಳೋ, ಅವಳ ದನಿಯಲ್ಲಿ ಹುಡುಕಿದರೆ ಇಂದಿಗೂ ಸಿಗುವುದಿಲ್ಲ. ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು.

ನಾನು ದಾವಣಗೆರೆಗೆ ಹೋಗಲಿಲ್ಲ. ಪಿಯುಸಿ ಪಾಸಾದ ಹುಡುಗಿಯೇ ಬೇಕೆಂದು ಚನ್ನಗಿರಿಯ ಒಂದು ಮನೆಯವರು ಕೇಳಿಕೊಂಡು ಬಂದರು. ಅಪ್ಪನಿಗೆ ಷರತ್ತು ಮರೆತುಹೋಯಿತು. ಎಂಬತ್ತರ ದಶಕವೆಲ್ಲ ಒಲೆಯ ಮುಂದೆ ಕಳೆಯಿತು. ಗಂಡ ಕೈ ಮಾಡಿದವರಲ್ಲ, ಮಕ್ಕಳು ಗಟ್ಟಿಯಾಗಿ ಹುಟ್ಟಿದರು, ಅನ್ನಕ್ಕೆ ಕಡಿಮೆಯಾಗಲಿಲ್ಲ. ಎಣಿಸಿದರೆ ಶಿವ ನನಗೆ ಬಹಳ ಕೊಟ್ಟಿದ್ದಾನೆ, ನನ್ನ ಯೋಗ್ಯತೆಗೆ ಮೀರಿ. ಎಂಬತ್ತರ ನಡುವೆ ಒಮ್ಮೆ ಜಗಳೂರಿಗೆ ಮದುವೆಗೆ ಹೋಗಿದ್ದೆವು. ಅವಳ ಊರು ಅಲ್ಲಿಂದ ಎಷ್ಟು ದೂರ ಎಂದು ಬಡಿಸುತ್ತಿದ್ದವರನ್ನು ಕೇಳಿದೆ. "ಹತ್ರಾನೇ ಬಿಡ್ರಿ, ಯಾರು ಬೇಕಿತ್ತು?" ಎಂದರು. ಯಾರೂ ಇಲ್ಲ ಎಂದು ಹೋಳಿಗೆ ಹಾಕಿಸಿಕೊಂಡೆ.

ಮನೆಯಲ್ಲಿ ಯಾವುದೇ ಬೆಳ್ಳಿ ಕಪ್ಪಾದರೂ ನನ್ನ ಹತ್ತಿರವೇ ತರುತ್ತಾರೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಸಿನೀರು, ಉಪ್ಪು, ಸೋಡಾ ಹಾಕಿ ಮುಳುಗಿಸಿದರೆ ತಿಕ್ಕದೆಯೇ ಬೆಳ್ಳಗಾಗುತ್ತದೆ. ಅಜ್ಜಿಯ ಕರಡಿಗೆಯೂ ಈಗ ಮಲ್ಲಿಗೆ ಮೊಗ್ಗಿನ ಹಾಗಿದೆ. ದಿನಾ ಬೆಳಗ್ಗೆ ಅದನ್ನು ತೆರೆದು, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಮೊದಲು ವಿಭೂತಿ ಹಚ್ಚಿಕೊಳ್ಳುತ್ತೇನೆ. ಕೈ ತಾನಾಗಿಯೇ ಹಣೆಗೆ ಹೋಗುತ್ತದೆ. ಅವತ್ತು ಹೋಗಲಿಲ್ಲ.